ಪ್ರಯೋಗಾಲಯದ ಬಾಗಿಲು ಎಲ್ಲ ಮಕ್ಕಳಿಗೂ ತೆರೆಯಲಿ

ಎಸ್‌ಎಸ್‌ಎಲ್‌ಸಿ ಮುಗಿದೊಡನೆ ನಮ್ಮ ಮಕ್ಕಳ ದಾರಿ ಕವಲೊಡೆಯುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡವರಿಗೆ ವೈದ್ಯಕೀಯ, ಎಂಜಿನಿಯರಿಂಗ್ ಪದವಿಗಳ ಬಾಗಿಲು ತೆರೆದಿರುತ್ತದೆ. ಬಿಟ್ಟವರಿಗೆ ಅದು ಬಹುತೇಕ ಮುಚ್ಚುತ್ತದೆ. ಹದಿನಾರರ ಹರೆಯದ ಈ ನಿರ್ಧಾರದಲ್ಲಿ ಮಗುವಿನ ಪ್ರತಿಭೆಯಷ್ಟೇ ಕಾಲೇಜಿನ ದೂರ, ಬಸ್ಸಿನ ವೇಳೆ, ಮನೆಯ ಆದಾಯಗಳೂ ಮಾತನಾಡುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ದೂರವೇ ಕೊನೆಯ ಮಾತಾಗಿಬಿಡುತ್ತದೆ. ಆದ್ದರಿಂದ ವಿಜ್ಞಾನದ ಆಸಕ್ತಿ ಪ್ರೌಢಶಾಲೆಯಲ್ಲಿಯೇ ಬೇರೂರಬೇಕು.

ಕೇಂದ್ರ ಸರ್ಕಾರವು 2016ರಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಆರಂಭಿಸಿ, 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ರೂಪಿಸಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುವ ಯೋಜನೆಯಿದು. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂತಹ 50,000 ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ 2025-26ರ ಮುಂಗಡಪತ್ರ ಘೋಷಿಸಿದೆ. ಇದು ಸ್ವಾಗತಾರ್ಹ. ಆದರೆ ಉಪಕರಣ ಬಂದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ. ಕಲಿಸುವ ಗುರುಗಳಿಲ್ಲದಿದ್ದರೆ, ಒಡೆದೀತೆಂಬ ಭಯದಿಂದ ಬೀಗ ಬಿದ್ದರೆ, ಅದು ಕೇವಲ ಉಗ್ರಾಣ.

ನಮ್ಮ ಜಿಲ್ಲೆಯಲ್ಲಿ ಕಲಿಸಬಲ್ಲವರ ಕೊರತೆಯಿಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ ಹುಟ್ಟಿತು. ಅದರ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾಯಿತು. 2008ರಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೂ ಬಂದಿತು. ಬಾದಾಮಿ, ಹುನಗುಂದ, ಇಳಕಲ್ಲಿನ ಪ್ರೌಢಶಾಲಾ ಮಕ್ಕಳಿಗೆ ತಿಂಗಳಿಗೆ ಒಂದು ಶನಿವಾರವಾದರೂ ಇಂತಹ ಸಂಸ್ಥೆಗಳ ಪ್ರಯೋಗಾಲಯಗಳು ತೆರೆದಿರಲಿ, ಅಲ್ಲಿನ ವಿದ್ಯಾರ್ಥಿಗಳು ಹಳ್ಳಿಯ ಶಾಲೆಗಳಿಗೆ ಬಂದು ಕಲಿಸಲಿ ಎಂಬುದು ನಮ್ಮ ಆಶಯ.

ವಿಜ್ಞಾನವು ಪರಊರಿನಿಂದ ಬರಬೇಕಾದ ವಸ್ತುವೂ ಅಲ್ಲ. ಈ ಸೀಮೆಯ ಪ್ರಾಚೀನ ಶಿಲಾಸ್ತರಗಳಿಗೆ ಭೂವಿಜ್ಞಾನಿಗಳು ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಬಾದಾಮಿಯ ಮರಳುಗಲ್ಲಿನ ಪದರುಗಳು ತೆರೆದ ಪಠ್ಯಪುಸ್ತಕ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವಲ್ಲಿ ಎಣಿಕೆಯ ಶಿಸ್ತಿದೆ. ಫ್ರಾನ್ಸಿನ ಜಕಾರ್ಡ್ ಮಗ್ಗದ ರಂಧ್ರಪಟ್ಟಿಗಳೇ ಗಣಕಯಂತ್ರದ ಮೊದಲ ಕಲ್ಪನೆಗೆ ಪ್ರೇರಣೆಯಾದವು ಎಂಬುದನ್ನು ನೇಕಾರರ ಮಗು ಅರಿತರೆ, ಮನೆಯ ಕಾಯಕಕ್ಕೂ ಶಾಲೆಯ ಪಾಠಕ್ಕೂ ಇರುವ ನಂಟು ತಿಳಿಯುತ್ತದೆ. ಕಾಯಕವನ್ನು ಗೌರವಿಸಿದ ಶರಣರ ನೆಲಕ್ಕೆ ಇದು ಹೊಸ ಮಾತೇನಲ್ಲ.

ಇನ್ನೊಂದು ತೊಡಕು ಭಾಷೆಯದು. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಕಲಿತ ಮಗು, ಪಿಯುಸಿಯಲ್ಲಿ ಫೋಟೋಸಿಂಥೆಸಿಸ್ ಎಂಬ ಪದ ಕೇಳಿ ತನಗೇನೂ ತಿಳಿಯದೆಂದು ಕುಗ್ಗುತ್ತದೆ. ತಿಳಿವಳಿಕೆ ಇದೆ, ಪದ ಮಾತ್ರ ಬೇರೆ. ಪರೀಕ್ಷೆಯ ನಂತರದ ಬೇಸಿಗೆಯಲ್ಲಿ ಒಂದು ತಿಂಗಳ ಸೇತುಬಂಧ ತರಗತಿ ನಡೆದರೆ ಅನೇಕರು ವಿಜ್ಞಾನವನ್ನು ಬಿಡಲಾರರು.

ಪಾಲಕರಿಗೆ ಮಾಹಿತಿಯೂ ತಲುಪಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು 8ನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಹೊಸ ಆಲೋಚನೆಗೆ 10,000 ರೂಪಾಯಿ ನೆರವಿದೆ. ವೃತ್ತಿಶಿಕ್ಷಣ ಪ್ರವೇಶದಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯಿದೆ. ಅರ್ಜಿಯ ಅವಧಿ ಮುಗಿದ ಮೇಲೆ ಇವು ತಿಳಿದರೆ ಪ್ರಯೋಜನವಿಲ್ಲ.

ಮಠಗಳು ಪ್ರಸಾದ ನಿಲಯಗಳನ್ನು ನಡೆಸಿ ಬಡ ಮಕ್ಕಳಿಗೆ ಅನ್ನ, ಅಕ್ಷರ ನೀಡಿದ ಪರಂಪರೆ ನಮ್ಮದು. ಇಂದಿನ ದಾಸೋಹಕ್ಕೆ ಇನ್ನಷ್ಟು ಸೇರಲಿ: ವಿಜ್ಞಾನ ಓದುವ ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ, ನಿವೃತ್ತ ಶಿಕ್ಷಕರ ಸಂಜೆಯ ಪಾಠ, ಅರ್ಜಿ ತುಂಬಿಸಿಕೊಡುವ ಒಂದು ಮೇಜು. ಭಕ್ತರಲ್ಲಿ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ಪ್ರಾಧ್ಯಾಪಕರಿದ್ದಾರೆ. ಹಣ ಕೊಡಲಾಗದವರು ತಿಂಗಳಿಗೊಂದು ದಿನವನ್ನು ತಮ್ಮೂರಿನ ಶಾಲೆಗೆ ಕೊಡಲಿ. ಜಾತಿ ಮತಗಳನ್ನೆಣಿಸದೆ ಎಲ್ಲ ಮಕ್ಕಳಿಗೂ ಅದು ಸಲ್ಲಲಿ.