ಸಾಲದ ಅಂಕಪಟ್ಟಿಗೂ ಮರುಎಣಿಕೆ ಉಂಟು

ಸಿಇಟಿ ಮುಗಿದು, ಸೀಟು ಸಿಕ್ಕಿ, ಶುಲ್ಕ ಕಟ್ಟಲು ವಾರವಷ್ಟೇ ಉಳಿದಿರುವಾಗ ತಂದೆ, ಮಗಳು ಬ್ಯಾಂಕಿಗೆ ಹೋಗುತ್ತಾರೆ. ಶಿಕ್ಷಣ ಸಾಲಕ್ಕೆ ತಂದೆಯೂ ಸಹಸಾಲಗಾರ. ಅಧಿಕಾರಿ ಕಂಪ್ಯೂಟರ್ ನೋಡಿ, ‘ನಿಮ್ಮ ಸಿಬಿಲ್ ಸರಿಯಿಲ್ಲವಲ್ಲ ಯಜಮಾನರೇ’ ಎನ್ನುತ್ತಾರೆ. ಎಂದೋ ತೀರಿಸಿದ ಟಿ.ವಿ. ಕಂತು ಅಲ್ಲಿ ಇನ್ನೂ ಬಾಕಿ! ಅನೇಕರು ಅಲ್ಲಿಂದ ಸುಮ್ಮನೆ ಎದ್ದು ಬರುತ್ತಾರೆ. ಬರಬೇಕಾಗಿಲ್ಲ.

ಸಿಬಿಲ್ ಎಂಬುದು ಕಾಯಿಲೆಯಲ್ಲ, 2000ದಲ್ಲಿ ಆರಂಭವಾದ ಒಂದು ಕಂಪನಿ. ಅಂಥವು ದೇಶದಲ್ಲಿ ನಾಲ್ಕಿವೆ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಉಳಿದ ಮೂರು. ಬ್ಯಾಂಕುಗಳು ಕಳುಹಿಸಿದ ಲೆಕ್ಕವನ್ನು ಒಟ್ಟುಗೂಡಿಸಿ 300ರಿಂದ 900ರವರೆಗೆ ಅಂಕ ಕೊಡುವುದು ಇವುಗಳ ಕೆಲಸ. ಬ್ಯಾಂಕು ತಪ್ಪು ಬರೆದರೆ ವರದಿಯಲ್ಲೂ ಅದೇ ತಪ್ಪು. ಸ್ನೇಹಿತನಿಗೆ ಹಾಕಿದ ಜಾಮೀನೂ ಇಲ್ಲಿ ಕಾಣಿಸಿಕೊಳ್ಳುತ್ತದೆ.

ಇವುಗಳನ್ನು ನಿಯಂತ್ರಿಸಲು 2005ರಲ್ಲಿ ಕಾಯಿದೆ ಬಂದಿದೆ. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2017ರಿಂದ ಜಾರಿಯಲ್ಲಿದೆ. ತನ್ನ ವರದಿಯನ್ನು ತಾನೇ ತರಿಸಿ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ತಪ್ಪಿದ್ದರೆ ಬ್ಯಾಂಕಿಗೋ ಕಂಪನಿಗೋ ದೂರು ಕೊಡಬಹುದು. 30 ದಿನಗಳಲ್ಲಿ ಅದು ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 2023ರ ಈ ಆದೇಶ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಗಲೂ ಕೆಲಸವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಶುಲ್ಕವಿಲ್ಲ. ಆದರೆ ಸೀಟಿನ ಗಡುವು 30 ದಿನ ಕಾಯುವುದಿಲ್ಲವಾದ್ದರಿಂದ, ಮಕ್ಕಳು ಪಿಯುಸಿ ಓದುತ್ತಿರುವಾಗಲೇ ವರದಿ ತರಿಸುವುದು ಜಾಣತನ.

ಸಾಲ ತೀರಿಸುವಾಗಲೂ ಒಂದು ಎಚ್ಚರ ಬೇಕು. ಬಾಕಿಯಲ್ಲಿ ಅಷ್ಟಿಷ್ಟು ಬಿಡಿಸಿಕೊಂಡು ಮುಗಿಸಿದ ಸಾಲ ವರದಿಯಲ್ಲಿ ‘ಸೆಟ್ಲ್ಡ್’ ಎಂದಿರುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದಿನ ಬ್ಯಾಂಕು ಅದನ್ನು ಕಳಂಕವೆಂದೇ ಓದುತ್ತದೆ. ಪೂರ್ತಿ ಕಟ್ಟಿದವರು ಬಾಕಿ ಇಲ್ಲವೆಂಬ ಪತ್ರವನ್ನು ಬೀರುವಿನಲ್ಲಿ ಜೋಪಾನವಾಗಿಡಬೇಕು.

ವಿದ್ಯಾರ್ಥಿಯ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ನೌಕರಿಯ ಮಾತು ಬೇರೆ. ಸಾಲ ಮರುಪಾವತಿಯ ದಾಖಲೆ ಚೆನ್ನಾಗಿಲ್ಲವೆಂದು ಸ್ಟೇಟ್ ಬ್ಯಾಂಕ್ ಒಬ್ಬ ಅಭ್ಯರ್ಥಿಯ ನೇಮಕವನ್ನು ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಹಾಸ್ಟೆಲಿನಲ್ಲಿ ಕುಳಿತು ಕಂತಿನಲ್ಲಿ ಫೋನು ಕೊಳ್ಳುವ ಹುಡುಗರು ಈ ಎರಡನೆಯ ತೀರ್ಪನ್ನೂ ಓದಿಕೊಂಡಿರಲಿ.