ಕಾಣದ ಲೋಕದ ಗಾಳಿ

2012ರ ಜೂನ್ 6ರ ಬೆಳಗ್ಗೆ ಶುಕ್ರಗ್ರಹವು ಕರಿಯ ಚುಕ್ಕೆಯಾಗಿ ಸೂರ್ಯಬಿಂಬವನ್ನು ಹಾದುಹೋದುದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಅದಕ್ಕೆ ಶುಕ್ರಸಂಕ್ರಮಣವೆಂದು ಹೆಸರು. 1761ರಲ್ಲಿ ಇಂಥದೇ ಸಂಕ್ರಮಣವನ್ನು ವೀಕ್ಷಿಸಿದ ರಷ್ಯದ ಲೊಮೊನೊಸೊವ್ ಎಂಬ ವಿದ್ವಾಂಸನು, ಶುಕ್ರನ ಅಂಚಿನಲ್ಲಿ ಮೂಡಿದ ಬೆಳಕನ್ನು ಕಂಡು, ಆ ಗ್ರಹಕ್ಕೆ ವಾಯುಮಂಡಲವಿದೆಯೆಂದು ತರ್ಕಿಸಿದನು. ಅನ್ಯ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಗಾಳಿಯನ್ನು ಇಂದಿನ ವಿಜ್ಞಾನಿಗಳು ಶೋಧಿಸುತ್ತಿರುವುದೂ ಬಹುಮಟ್ಟಿಗೆ ಇದೇ ದಾರಿಯಲ್ಲಿ. ಆದರೆ ಅಲ್ಲಿ ಗ್ರಹವು ಚುಕ್ಕೆಯಾಗಿಯೂ ಕಾಣಿಸದು. ನಕ್ಷತ್ರದ ಬೆಳಕು ತುಸು ಕುಂದಿತೆಂಬುದೊಂದೇ ಸುಳಿವು.

ಈರುಳ್ಳಿಗೆ ಸಿಪ್ಪೆಯಿರುವಂತೆ ಗ್ರಹಕ್ಕೆ ಗಾಳಿಯ ತೆಳುವಾದ ಹೊದಿಕೆಯಿರುತ್ತದೆ. ಗ್ರಹವು ನಕ್ಷತ್ರದ ಮುಂದೆ ಹಾಯುವಾಗ ಬೆಳಕಿನ ಒಂದೆಳೆ ಆ ಹೊದಿಕೆಯೊಳಗಿಂದ ತೂರಿ ನಮ್ಮತ್ತ ಬರುತ್ತದೆ. ಒಂದೊಂದು ಅನಿಲವೂ ತನಗೆ ಸಲ್ಲುವ ಬಣ್ಣಗಳನ್ನಷ್ಟೇ ಹೀರಿಕೊಳ್ಳುವುದರಿಂದ, ಯಾವ ಬಣ್ಣ ಎಷ್ಟು ಕುಂದಿದೆಯೆಂದು ಅಳೆದರೆ ಅನಿಲದ ಗುರುತು ಹತ್ತುತ್ತದೆ. ಸಾರು ಉಕ್ಕಿ ಒಲೆಗೆ ಚೆಲ್ಲಿದಾಗ ನೀಲಿಯ ಉರಿ ಫಕ್ಕನೆ ಹಳದಿಯಾಗುವುದನ್ನು ಅಡುಗೆಮನೆಯಲ್ಲಿ ಕಾಣದವರಾರು? ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಬಣ್ಣ ಅದು. ಸೋಡಿಯಂ ಆವಿಯು ಬೆಳಕಿನಿಂದ ಕದಿಯುವುದೂ ಅದೇ ಹಳದಿಯನ್ನೇ. ಸುಮಾರು 150 ಜ್ಯೋತಿರ್ವರ್ಷಗಳಾಚೆಯ ಎಚ್‌ಡಿ 209458 ಎಂಬ ನಕ್ಷತ್ರವನ್ನು ಮೂರೂವರೆ ದಿನಕ್ಕೊಮ್ಮೆ ಸುತ್ತುವ ಗ್ರಹದಲ್ಲಿ ಈ ಕಳವು ಪತ್ತೆಯಾಯಿತು. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕದ ನೆರವಿನಿಂದ ಡೇವಿಡ್ ಶಾರ್ಬೊನೊ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಸಾರಿದರು. ಸೌರವ್ಯೂಹದಾಚೆಯ ಗ್ರಹವೊಂದರ ಗಾಳಿಯನ್ನು ಮನುಷ್ಯನು ಗುರುತಿಸಿದ್ದು ಅದೇ ಮೊದಲು. ಉಳಿದ ಬಣ್ಣಗಳಿಗಿಂತ ಹಳದಿಯು ಹೆಚ್ಚಾಗಿ ಕುಂದಿದ್ದಾದರೂ ಎಷ್ಟು? ಹತ್ತು ಸಾವಿರದಲ್ಲಿ ಸುಮಾರು ಎರಡು ಪಾಲು!

ಇಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಎಡವುವುದೂ ಸುಲಭ. ಸಿಂಹರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರದಲ್ಲಿರುವ ಕೆ2-18ಬಿ ಎಂಬ ಗ್ರಹವೇ ಇದಕ್ಕೆ ಸಾಕ್ಷಿ. ಅದರ ಗಾಳಿಯಲ್ಲಿ ನೀರಾವಿಯಿದೆಯೆಂದು 2019ರಲ್ಲಿ, ಹಬಲ್‌ನ ಅಳತೆಗಳ ಆಧಾರದಿಂದ, ಘೋಷಣೆಯಾಯಿತು. ಪತ್ರಿಕೆಗಳ ಸಂಭ್ರಮವನ್ನು ಹೇಳಬೇಕಾಗಿಲ್ಲ. ಅದಕ್ಕಿಂತ ಬಲಿಷ್ಠವಾದ ವೆಬ್ ದೂರದರ್ಶಕದ ಅಳತೆಗಳು 2023ರಲ್ಲಿ ಪ್ರಕಟವಾದಾಗ ಸ್ಪಷ್ಟವಾಗಿ ಕಂಡದ್ದು ನೀರಾವಿಯಲ್ಲ, ಮೀಥೇನ್ ಅನಿಲ. ಹಿಂದಿನ ಸಲ ನೀರಿನ ವೇಷ ತೊಟ್ಟು ಬಂದುದೂ ಅದೇ ಇರಬೇಕೆಂದು ಅನೇಕರ ಅಭಿಪ್ರಾಯ.

2025ರ ಏಪ್ರಿಲ್‌ನಲ್ಲಿ ಅದೇ ಗ್ರಹ ಮತ್ತೆ ಸುದ್ದಿಯಾಯಿತು. ಡೈಮೀಥೈಲ್ ಸಲ್ಫೈಡ್, ಇಲ್ಲವೆ ಅದರ ಹತ್ತಿರದ ಬಂಧುವಾದ ಇನ್ನೊಂದು ವಸ್ತು, ಅಲ್ಲಿರುವಂತಿದೆಯೆಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ತಿಳಿಸಿದರು. ಬೆಂದ ಎಲೆಕೋಸಿನ ವಾಸನೆಯ ವಸ್ತು ಅದು. ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಉಂಟುಮಾಡುವುದು ಕಡಲಿನ ಸೂಕ್ಷ್ಮಸಸ್ಯಗಳು. ಹಾಗಾದರೆ ಅಲ್ಲಿ ಜೀವಿಗಳುಂಟೆ? ಕೇವಲ ಆಕಸ್ಮಿಕವಾಗಿ ಇಂಥ ಗುರುತು ಮೂಡುವ ಸಂಭವ ಸಾವಿರದಲ್ಲಿ ಮೂರು ಎಂದು ಆ ತಂಡದವರೇ ಒಪ್ಪಿದ್ದರು. ಶೋಧವೆನಿಸಿಕೊಳ್ಳಲು ಅದು ಹತ್ತು ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆಯಿರಬೇಕೆಂಬುದು ರೂಢಿ. ಅವೇ ಅಳತೆಗಳನ್ನು ಮತ್ತೆ ಜಾಲಿಸಿದ ಬೇರೆ ವಿಜ್ಞಾನಿಗಳು ಪುರಾವೆ ಸಾಲದೆಂದರು. ಚುರ್ಯುಮೊವ್–ಗೆರಾಸಿಮೆಂಕೊ ಧೂಮಕೇತುವಿನಲ್ಲಿಯೂ, ರೊಸೆಟ್ಟಾ ನೌಕೆಯ ಅಳತೆಗಳಿಂದ, ಈ ವಸ್ತು ಇರುವುದು 2024ರಲ್ಲೇ ತಿಳಿದುಬಂದಿತ್ತು. ಕಡಲೂ ಸಸ್ಯವೂ ಇಲ್ಲದ ಹಿಮಗಡ್ಡೆ ಅದು.

ಕೆ2-18ಬಿ ತನ್ನ ನಕ್ಷತ್ರದ ಮುಂದೆ ಹಾಯುವುದು 33 ದಿನಕ್ಕೊಮ್ಮೆ. ಅದೂ ಕೆಲವೇ ಗಂಟೆಗಳ ಕಾಲ.