ಬಣ್ಣಕ್ಕೆ ಲಕ್ಷ, ರಬ್ಬರಿಗೆ ಅಲಕ್ಷ್ಯ

ಹಳೇ ಕಾರಿನ ಹುಚ್ಚು ಈಗ ನಮ್ಮ ಐಟಿ ಮಂದಿಗೂ ಹತ್ತಿದೆ. ಸಂತೋಷ. ಪದ್ಮಿನಿ, ಅಂಬಾಸಡರ್, ಕಾಂಟೆಸ್ಸಾ ಅಂತ ಊರೂರು ಹುಡುಕಿ ತರ್ತಾರೆ, ‘ರಿಸ್ಟೋರ್’ ಮಾಡಿಸ್ತಾರೆ. ಡೆಂಟಿಂಗು, ಪೇಂಟಿಂಗು, ಹೊಸ ಸೀಟ್ ಕವರು, ಬಂಪರಿಗೆ ಪಾಲಿಷು, ಬ್ಲೂಟೂತ್ ಸ್ಟೀರಿಯೋ. ಬಿಲ್ಲು ಲಕ್ಷ ದಾಟುತ್ತೆ. ಆಮೇಲೆ ಬಾಗಿಲು ತೆಗೆದು ನೋಡಿ: ಅಂಚಿನ ಸುತ್ತ ಇರೋ ರಬ್ಬರ್ ಬೀಡಿಂಗ್ ಮಾತ್ರ ಅದೇ ಹಳೇದು. ಬಿರುಕು ಬಿಟ್ಟು, ಮೂಲೇಲಿ ಕಿತ್ಕೊಂಡು, ಮೈಮೇಲೆ ಒಂದಿಷ್ಟು ಹೊಸ ಬಣ್ಣ ಬೇರೆ ಸಿಡಿಸ್ಕೊಂಡು ಕೂತಿರುತ್ತೆ. ಮೇಲೆ ಥಳಕು, ಒಳಗೆ ಹುಳುಕು.

ಕೇಳಿದ್ರೆ “ಸಣ್ಣ ವಿಷಯ ಗುರು, ಆಮೇಲೆ ಮಾಡ್ಸೋಣ” ಅಂತಾರೆ. ನನ್ನ ತಕರಾರು ಇರೋದೇ ಈ ‘ಆಮೇಲೆ’ ಮೇಲೆ. ಆಫೀಸಲ್ಲಿ ಇದಕ್ಕೆ ಟೆಕ್ನಿಕಲ್ ಡೆಟ್ ಅಂತ ಹೆಸರಿಟ್ಟು ಜೂನಿಯರ್‌ಗಳಿಗೆ ಪಾಠ ಹೇಳೋರು ನಾವೇ. ಸ್ವಂತ ಕಾರಲ್ಲಿ ಅದೇ ಸಾಲ ಮಾಡಿ, ಬಡ್ಡಿಯನ್ನ ತುಕ್ಕಲ್ಲಿ ಕಟ್ತೀವಿ.

ಮುಂದಿನ ಗಾಜಿನ ಸುತ್ತ ಇರೋ ರಬ್ಬರ್ ಹೋಗಿದ್ರೆ ಮಳೆನೀರು ಡ್ಯಾಶ್‌ಬೋರ್ಡ್ ಹಿಂದಿಂದ ಇಳಿದು ಮ್ಯಾಟ್ ಕೆಳಗೆ ಸೇರುತ್ತೆ. ಮೇಲೆ ಒಣಗಿರುತ್ತೆ, ಕೆಳಗೆ ತಗಡು ಗೆದ್ದಲು ತಿಂದ ಜಂತಿಯಾಗಿರುತ್ತೆ. ಮೇಲೆ ಹೇಳಿದ ಮೂರೂ ಕಾರುಗಳಲ್ಲಿ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ಫ್ಲೋರು ಹೋದ್ರೆ ಬೆನ್ನೆಲುಬೇ ಹೋದ ಹಾಗೆ. ಇನ್ನು ಬಾಗಿಲ ಗಾಜಿನ ಬುಡದಿಂದ ಸ್ವಲ್ಪ ನೀರು ಇಳಿಯೋದು ಸಹಜ, ಅದಕ್ಕೇ ಬಾಗಿಲ ತಳದಲ್ಲಿ ಸಣ್ಣ ತೂತುಗಳಿವೆ. ಎಷ್ಟೋ ಪೇಂಟಿಂಗ್ ಶೆಡ್ಡುಗಳಲ್ಲಿ ಆ ತೂತಿಗೂ ಪುಟ್ಟಿ ಮೆತ್ತಿ ಕಳಿಸ್ತಾರೆ!

ಡಿಕ್ಕಿ ರಬ್ಬರ್ ಇದಕ್ಕಿಂತ ಗಂಭೀರ. ಓಡೋ ಕಾರಿನ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಮ್ಮಿ. ಸೈಲೆನ್ಸರ್ ಹೊಗೆ ಅಲ್ಲೇ ಸುಳಿದಾಡಿ, ಸಂದಿ ಸಿಕ್ಕಿದ್ರೆ ಒಳಗೆ ನುಗ್ಗುತ್ತೆ. ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಿಂದಿನ ಸೀಟಲ್ಲಿ ಕೂರೋದು ನಿಮ್ಮ ಮಕ್ಕಳು. ಇದಾ ಸಣ್ಣ ವಿಷಯ?

“ಒರಿಜಿನಲ್ ಹಾಗೇ ಇರಲಿ” ಅನ್ನೋ ಇನ್ನೊಂದು ಪಂಗಡ ಇದೆ. ಸ್ವಾಮಿ, ಟಯರು ಒರಿಜಿನಲ್ ಇಟ್ಕೊಂಡಿದೀರಾ? ಬಿಸಿಲು ಮತ್ತು ಗಾಳಿಯ ಓಝೋನ್ ರಬ್ಬರನ್ನ ಸೀಳ್ತಾವೆ, ಕಾರು ನಿಂತಿದ್ರೂ ಬಿಡಲ್ಲ. ಅನುಮಾನ ಇದ್ರೆ ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ, ಮೆಲ್ಲಗೆ ಎಳೀರಿ. ಬಿಗಿಯಾಗಿ ಬಂದ್ರೆ ಸರಿ. ಸಲೀಸಾಗಿ ಜಾರಿ ಬಂದ್ರೆ ಅಲ್ಲಿ ರಬ್ಬರ್ ಸತ್ತಿದೆ.

ಜೆ.ಸಿ. ರಸ್ತೆಗೆ ಹೋಗೋವಾಗ ಹಳೇದರ ಒಂದು ತುಂಡು ಕೊಯ್ದು ಜೇಬಲ್ಲಿಟ್ಕೊಳ್ಳಿ. ಕೊಯ್ದ ಮುಖದ ಆಕಾರ ತಾಳೆಯಾಗಬೇಕು. ‘ಎಲ್ಲಾ ಕಾರಿಗೂ ಆಗುತ್ತೆ ಸಾರ್’ ಅನ್ನೋದು ಯಾವ ಕಾರಿಗೂ ಸರಿಯಾಗಿ ಆಗಲ್ಲ. ಬಿಸಿಲು ತಡೆಯೋ ಇಪಿಡಿಎಂ ರಬ್ಬರ್ ಕೇಳಿ. ಹಾಕೋ ಮುಂಚೆ ಹಳೇ ಅಂಟು, ತುಕ್ಕು ಪೂರ್ತಿ ಕೆರೀಬೇಕು. ರಬ್ಬರನ್ನ ಎಳೆದು ಕೂರಿಸಬಾರದು, ಎಳೆದಿದ್ದು ವಾಪಸ್ ಕುಗ್ಗಿ ಮೂಲೇಲಿ ಬಾಯಿ ಬಿಡುತ್ತೆ. ಜೋಡಣೆ ಬಾಗಿಲ ತಳದಲ್ಲಿರಲಿ. ಗಾಜಿನ ಕೆಲಸ ಬಲ್ಲ ಮೇಸ್ತ್ರಿ ರಬ್ಬರಿನ ಗಾಡಿಯೊಳಗೆ ದಾರ ಸುತ್ತಿ, ಸೋಪುನೀರು ಹಚ್ಚಿ, ಕಾರಿನೊಳಗಿಂದ ದಾರ ಎಳೀತಾ ಅಂಚನ್ನ ಕೂರಿಸೋದು ನೋಡೋಕೇ ಚೆಂದ. ಅವರಿಗೆ ಕೂಲಿ ಚೌಕಾಸಿ ಮಾಡ್ಬೇಡಿ.

ಆಮೇಲಿನ ಆರೈಕೆಗೆ ಬೇಕಾಗಿರೋದು ಸೋಪುನೀರು, ಒದ್ದೆ ಬಟ್ಟೆ, ಆಗಾಗ ಒಂಚೂರು ಸಿಲಿಕೋನ್ ಗ್ರೀಸು, ಅಷ್ಟೆ. ಹೊಳಪು ಬರಲಿ ಅಂತ ಡೀಸೆಲ್, ಸೀಮೆಎಣ್ಣೆ ಬಟ್ಟೇಲಿ ಒರೆಸೋ ಚಾಳಿ ನಮ್ಮೂರ ಕಡೆ ಈಗಲೂ ಇದೆ. ಇಪಿಡಿಎಂಗೆ ಅದು ವಿಷ, ಉಬ್ಬಿ ಮೆತ್ತಗಾಗುತ್ತೆ.

ಹೊಸ ರಬ್ಬರ್ ಹಾಕಿದ ಮೇಲೆ ಬಾಗಿಲು ಕೆಲವು ದಿನ ಬಿಗಿಯಾಗಿರುತ್ತೆ, ತಳ್ಳಿ ಮುಚ್ಚಬೇಕಾಗುತ್ತೆ. ಗಾಬರಿಯಾಗಿ ಲಾಕ್ ಸಡಿಲ ಮಾಡಿಸೋಕೆ ಓಡ್ಬೇಡಿ. ಒಂದೆರಡು ವಾರ ಕಾಯಿರಿ, ತಾನೇ ಒತ್ತಿಕೊಂಡು ಕೂರುತ್ತೆ.